ಸೇಲಂನಲ್ಲಿ ದೆವ್ವಕ್ಕೆ ಕೆಲಸ ಸಿಗಲಿಲ್ಲ

ಹಾಂಗ್‌ಕಾಂಗಿನ ದೆವ್ವ ನಡೆಯುವುದಿಲ್ಲ, ಕುಪ್ಪಳಿಸುತ್ತದೆ. ಚಿಂಗ್ ರಾಜವಂಶದ ಕಾಲದ ಅಧಿಕಾರಿಯ ದಿರಿಸು, ಮುಂದಕ್ಕೆ ಚಾಚಿದ ಎರಡು ಕೈ, ಮಡಚಲಾಗದ ಮಂಡಿ. ಹಣೆಗೆ ಮಂತ್ರ ಬರೆದ ಹಳದಿ ಚೀಟಿ ಅಂಟಿಸಿದರೆ ನಿಂತಲ್ಲೇ ನಿಲ್ಲುತ್ತದೆ. ಗಾಳಿಗೆ ಚೀಟಿ ಹಾರಿತೋ, ಮತ್ತೆ ಶುರು. ಎದುರಿಗಿದ್ದವರು ಉಸಿರು ಕಟ್ಟಿ ನಿಂತರೆ ಅದಕ್ಕೆ ಪತ್ತೆಯಾಗುವುದಿಲ್ಲ. 1985ರ ‘ಮಿಸ್ಟರ್ ವ್ಯಾಂಪೈರ್’ ಚಿತ್ರ ಈ ಕಟ್ಟಳೆಗಳನ್ನೆಲ್ಲ ತೆರೆಯ ಮೇಲೆ ಗಟ್ಟಿ ಮಾಡಿತು. ಅದರಲ್ಲಿ ತಾವೋ ಗುರುವಾಗಿ ದೆವ್ವ ಹಿಡಿದ ಲಾಮ್ ಚಿಂಗ್-ಯಿಂಗ್ ಮೊದಲು ಬ್ರೂಸ್ ಲೀ ಚಿತ್ರಗಳ ಸಾಹಸ ತಂಡದಲ್ಲಿ ದುಡಿದವರು. ಅವರು ಮಂತ್ರ ಹಾಕಿದರೂ ಅದು ಕುಸ್ತಿಯ ಪಟ್ಟು ಹಾಕಿದ ಹಾಗೇ ಇರುತ್ತಿತ್ತು.

1990ರಲ್ಲಿ ಅದೇ ಲಾಮ್ ‘ಮ್ಯಾಜಿಕ್ ಕಾಪ್’ನಲ್ಲಿ ಪೊಲೀಸರಾದರು. ಹಳ್ಳಿ ಕಡೆಯ ಹಳೇ ಕಾಲದ ಪೊಲೀಸಪ್ಪ, ಜೇಬಿನಲ್ಲಿ ಮಂತ್ರದ ಚೀಟಿ. ಮಾದಕವಸ್ತು ಸಾಗಿಸುತ್ತಿದ್ದವಳು ಸಿಕ್ಕಿಬೀಳುವ ಹೊತ್ತಿಗೆ ಎಷ್ಟೋ ದಿನಗಳ ಹಿಂದೆಯೇ ಸತ್ತಿದ್ದಳು ಎಂದು ಗೊತ್ತಾಗುತ್ತದೆ. ತನಿಖೆಗೆ ಅವನು ಪೇಟೆಗೆ ಬರುತ್ತಾನೆ. ಪೇಟೆಯ ಹುಡುಗ ಪೊಲೀಸರಿಗೆ ಅವನೆಂದರೆ ನಗೆಪಾಟಲು. ಮೊದಲರ್ಧ ಅವನನ್ನು ಗೇಲಿ ಮಾಡಿದವರು ಎರಡನೆಯರ್ಧದಲ್ಲಿ ಅವನ ಬೆನ್ನ ಹಿಂದೆ ಅಡಗುತ್ತಾರೆ. ನಿರ್ದೇಶಕ ಸ್ಟೀಫನ್ ಟುಂಗ್ ಯಾರೆಂದರೆ, ‘ಎಂಟರ್ ದಿ ಡ್ರ್ಯಾಗನ್’ನಲ್ಲಿ ಬ್ರೂಸ್ ಲೀ ಕೈಯಲ್ಲಿ ತಲೆಗೆ ಮೊಟಕಿಸಿಕೊಳ್ಳುವ ಆ ಶಿಷ್ಯ ಹುಡುಗ. ಗುರುವಿನ ಏಟು ತಿಂದವನಿಗೇ ಈ ಕತೆ ಹೊಳೆಯಬೇಕಿತ್ತು ಅನ್ನಿ.

ದೆವ್ವ ಹಿಡಿಯುವ ಪೊಲೀಸ್ ಜೋಡಿ, ನಡುನಡುವೆ ಕೈಕಾಲಿನ ಹೊಡೆದಾಟ: ಈ ಮಸಾಲೆ ಹಾಂಗ್‌ಕಾಂಗಿನದೇ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ದಾಟಿ ಧರ್ಮಪುರಿಗೆ ಇಳಿದು, ತೊಪ್ಪೂರು ಘಾಟಿ ಮುಗಿಸಿ ಸೇಲಂ ಸೇರುವ ದಾರಿಯುದ್ದಕ್ಕೂ ಇದರ ಸರಂಜಾಮೆಲ್ಲ ಬಿದ್ದಿದೆ. ಹೊಡೆದಾಟದ ಚಿತ್ರಗಳಿಗೇ ಹೆಸರಾದ ಸ್ಟುಡಿಯೋ ಸೇಲಂನಲ್ಲಿತ್ತು. ಕತ್ತಿ ಹಿಡಿದು ರಾತ್ರಿ ಬೀಟಿಗೆ ಹೊರಡುವ ದೇವರು ಊರೂರಿನ ಗಡಿಯಲ್ಲಿ ಕೂತಿದ್ದಾನೆ. ಎರಡು ರಾಜ್ಯದ ಪೊಲೀಸರು ಎರಡು ಭಾಷೆಯಲ್ಲಿ ಬೈದುಕೊಳ್ಳುತ್ತ ಒಂದೇ ಕಾಡಿನಲ್ಲಿ ಒಬ್ಬನನ್ನೇ ಹುಡುಕಿ ವರ್ಷಗಟ್ಟಲೆ ಅಲೆದದ್ದೂ ಇಲ್ಲೇ. ಇಷ್ಟೆಲ್ಲ ಇದ್ದೂ ಸೇಲಂ ಅಂಥದೊಂದು ಸಿನಿಮಾ ಏಕೆ ಕೊಡಲಿಲ್ಲ?

ಸ್ಟುಡಿಯೋದಿಂದಲೇ ಹಿಡಿಯೋಣ. ಸೇಲಂನಿಂದ ಯೇರ್ಕಾಡ್ ಬೆಟ್ಟಕ್ಕೆ ಹೋಗುವ ರಸ್ತೆಯ ಬದಿಗೆ ಒಂದು ಕಮಾನು ನಿಂತಿದೆ. ಮಾಡರ್ನ್ ಥಿಯೇಟರ್ಸ್‌ನಲ್ಲಿ ಉಳಿದದ್ದು ಅದೊಂದೇ. ಒಳಗಿನ ಜಾಗವೆಲ್ಲ ಮನೆಗಳಾಗಿವೆ. ಈ ಸ್ಟುಡಿಯೋವನ್ನು 1935ರಲ್ಲಿ ಕಟ್ಟಿದವರು ತಿರುಚೆಂಗೋಡಿನ ಜವಳಿ ವ್ಯಾಪಾರಿ ಕುಟುಂಬದ ಟಿ. ಆರ್. ಸುಂದರಂ. ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಜವಳಿ ವಿದ್ಯೆ ಓದಿ ಬಂದವರು. ಓದಿದ್ದು ಗಿರಣಿಯ ವಿದ್ಯೆ, ನಡೆಸಿದ್ದು ಸಿನಿಮಾ. ಆದರೆ ನಡೆಸಿದ ರೀತಿಯಲ್ಲಿ ಮಾತ್ರ ಗಿರಣಿಯೇ ಕಾಣುತ್ತದೆ. ನಟರು, ಬರಹಗಾರರು, ಸಂಗೀತದವರು, ಬಡಗಿಗಳು ಎಲ್ಲರೂ ತಿಂಗಳ ಸಂಬಳಕ್ಕೆ. ಹೊತ್ತಿಗೆ ಸರಿಯಾಗಿ ಹಾಜರಿ. ಒಂದು ಚಿತ್ರ ಮುಗಿಯುತ್ತಿದ್ದಂತೆ ಅದೇ ಸೆಟ್ಟಿನ ಕಂಬಕ್ಕೆ ಬೇರೆ ಬಣ್ಣ ಬಳಿದು ಇನ್ನೊಂದು. ನೂರಕ್ಕೂ ಹೆಚ್ಚು ಚಿತ್ರಗಳು ಆ ಕಮಾನಿನ ಒಳಗಿನಿಂದ ಬಂದವು. ಮದರಾಸಿನ ನೆರಳಿಲ್ಲದೆ, ಒಂದು ಜಿಲ್ಲಾ ಪಟ್ಟಣದಲ್ಲಿ ಕೂತು.

‘ಅಲಿಬಾಬಾವುಂ 40 ತಿರುಡರ್‌ಗಳುಂ’ ಚಿತ್ರದ ಹೊತ್ತಿನಲ್ಲಿ ಎಂ.ಜಿ.ಆರ್. ಬರುವುದು ತಡವಾಯಿತೆಂದು ಸುಂದರಂ ಡೂಪ್ ನಿಲ್ಲಿಸಿ ಉಳಿದ ಭಾಗ ಮುಗಿಸಿಬಿಟ್ಟರಂತೆ. ತಮಿಳು ಚಿತ್ರರಂಗದಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಓಡಾಡುವ ಕತೆ ಇದು. ನಿಜವೋ ಉಪ್ಪುಖಾರ ಹಚ್ಚಿದ್ದೋ, ಮುದಲಾಳಿಯ, ಅಂದರೆ ಸ್ಟುಡಿಯೋ ಯಜಮಾನರ, ಸ್ವಭಾವ ಏನೆಂದು ಹೇಳಲು ಇಷ್ಟು ಸಾಕು. 1956ರ ಸಂಕ್ರಾಂತಿಗೆ ತೆರೆಕಂಡ ಈ ಚಿತ್ರ ತಮಿಳಿನ ಮೊದಲ ಪೂರ್ಣ ವರ್ಣಚಿತ್ರ. ಅದಕ್ಕೂ ಮೊದಲು, 1938ರಲ್ಲಿ, ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ ತಯಾರಾದದ್ದೂ ಸೇಲಂನಲ್ಲೇ. ಮಲಯಾಳದ ಮೊದಲ ವರ್ಣಚಿತ್ರವೂ, 1961ರ ‘ಕಂಡಂ ಬೆಚ್ಚ ಕೋಟ್ಟ್’, ಇವರದೇ. ಅಕ್ಕಪಕ್ಕದ ಭಾಷೆಗಳ ತೊಟ್ಟಿಲನ್ನೂ ತೂಗಿದ ಸ್ಟುಡಿಯೋ ಇದು.

ಹೊಡೆದಾಟದ ಕತೆ ಶುರುವಾಗುವುದು 1940ರ ‘ಉತ್ತಮ ಪುತ್ತಿರನ್’ನಿಂದ. ಕಬ್ಬಿಣದ ಮುಖವಾಡ ತೊಡಿಸಿ ಸೆರೆಯಲ್ಲಿಟ್ಟ ರಾಜಕುಮಾರನ ಫ್ರೆಂಚ್ ಕತೆಯನ್ನು ತಮಿಳಿಗಿಳಿಸಿ, ಪಿ. ಯು. ಚಿನ್ನಪ್ಪ ಅವರಿಗೆ ದ್ವಿಪಾತ್ರ ಕೊಟ್ಟರು. ಚಿನ್ನಪ್ಪ ನಾಟಕ ಕಂಪನಿಯಿಂದ ಬಂದವರು, ಸಿಲಂಬಂ ಬಲ್ಲವರು. ನಮ್ಮ ಕಡೆ ದೊಣ್ಣೆವರಸೆ ಅನ್ನುತ್ತೇವಲ್ಲ, ಅದೇ. ತೆರೆಯ ಮೇಲೆ ಕೋಲು, ಕತ್ತಿ ಬೀಸುವವನಿಗೆ ನಿಜವಾಗಿಯೂ ಬೀಸಲು ಬರುತ್ತದೆ ಎಂಬುದು ಆಗಿನ ಪ್ರೇಕ್ಷಕರಿಗೆ ಟಿಕೆಟ್ಟಿನ ಅರ್ಧ ಬೆಲೆ. 1950ರಲ್ಲಿ ಬಂದ ‘ಮಂದಿರಿ ಕುಮಾರಿ’ ಈ ಜಾಡಿನ ಶಿಖರ. ಕರುಣಾನಿಧಿಯವರ ಸಂಭಾಷಣೆ, ಎಂ.ಜಿ.ಆರ್. ನಾಯಕ, ಅಮೆರಿಕದಿಂದ ಬಂದ ಎಲಿಸ್ ಆರ್. ಡಂಗನ್ ಜತೆ ಸುಂದರಂ ನಿರ್ದೇಶನ. ರಾಜಗುರುವಿನ ಮಗ ಹಗಲು ಮರ್ಯಾದಸ್ಥ, ರಾತ್ರಿ ದರೋಡೆಕೋರ. ಗುಟ್ಟು ತಿಳಿದ ಹೆಂಡತಿಯನ್ನು ಬೆಟ್ಟದ ತುದಿಗೆ ನಯವಾಗಿ ಕರೆದೊಯ್ಯುತ್ತಾನೆ, ನೂಕುವುದಕ್ಕೆ. ಸಾಯುವ ಮೊದಲು ಗಂಡನನ್ನು ಮೂರು ಸುತ್ತು ಬರುತ್ತೇನೆ ಎಂದು ಅವಳು ಕೇಳುತ್ತಾಳೆ. ಸುತ್ತು ಬರುತ್ತ ಹಿಂದಿನಿಂದ ಅವನನ್ನೇ ನೂಕುತ್ತಾಳೆ. ‘ಕುಂಡಲಕೇಶಿ’ ಎಂಬ ಹಳೆಯ ತಮಿಳು ಬೌದ್ಧ ಕಾವ್ಯದಿಂದ ಎತ್ತಿಕೊಂಡ ಪ್ರಸಂಗ. ಚಿತ್ರದಲ್ಲಿ ಕತ್ತಿವರಸೆ ಬೇಕಾದಷ್ಟಿದೆ, ಆದರೆ ಜನ ನೆನಪಿಟ್ಟುಕೊಂಡದ್ದು ಆ ಒಂದು ನೂಕನ್ನು.

ಅದೇ ವರ್ಷದ ‘ದಿಗಂಬರ ಸಾಮಿಯಾರ್’ ಗಮನಿಸಿ. ಊರಿಗೆ ಮೌನಿ ಸನ್ಯಾಸಿಯೊಬ್ಬ ಬಂದಿದ್ದಾನೆ, ಎಲ್ಲವನ್ನೂ ಬಲ್ಲವನು ಎಂಬ ಗುಲ್ಲು. ನಿಜದಲ್ಲಿ ಆತ ದುಷ್ಟರ ಗುಟ್ಟು ಬಯಲಿಗೆಳೆಯಲು ವೇಷ ಹಾಕಿದ ವಕೀಲ. ಎಂ. ಎನ್. ನಂಬಿಯಾರ್ ಒಂದೇ ಚಿತ್ರದಲ್ಲಿ ಹತ್ತಕ್ಕಿಂತ ಹೆಚ್ಚು ವೇಷ ಬದಲಿಸುತ್ತಾರೆ. ಸೇಲಂ ಸ್ಟುಡಿಯೋದ ಸೂತ್ರ ಇಲ್ಲಿ ಚೆನ್ನಾಗಿ ಕಾಣುತ್ತದೆ: ವಿಚಿತ್ರ ಏನೇ ಕಂಡರೂ ಅದರ ಒಳಗೆ ಒಬ್ಬ ಮನುಷ್ಯ ಇದ್ದಾನೆ. ಪವಾಡ ಕಂಡರೆ ಗಡ್ಡ ಎಳೆದು ನೋಡಿ, ಕೈಗೆ ಬರುತ್ತದೆ.

ಇದರ ಅತಿರೇಕ 1952ರ ‘ದಿ ಜಂಗಲ್’. ಅಮೆರಿಕದ ನಿರ್ಮಾಪಕರ ಜತೆ ಸೇರಿ ಮಾಡರ್ನ್ ಥಿಯೇಟರ್ಸ್ ಮಾಡಿದ ಇಂಗ್ಲಿಷ್ ಚಿತ್ರ. ರಾಡ್ ಕ್ಯಾಮರಾನ್, ಸೀಸರ್ ರೊಮೆರೊ, ಮೇರಿ ವಿಂಡ್ಸರ್ ಜತೆ ನಮ್ಮ ನಂಬಿಯಾರ್ ಕೂಡ ಇದ್ದಾರೆ. ಕಾಡಿನ ಆನೆಗಳು ದಿಕ್ಕೆಟ್ಟು ಊರಿಗೆ ನುಗ್ಗುತ್ತಿವೆ, ಹಳ್ಳಿಗಳು ನೆಲಸಮವಾಗುತ್ತಿವೆ. ಅವನ್ನು ಹೆದರಿಸುತ್ತಿರುವುದು ಏನು? ರಾಜಕುಮಾರಿ, ಬಿಳಿಯ ಬೇಟೆಗಾರ, ಅವನನ್ನು ನಂಬದ ಸ್ಥಳೀಯ ಸಲಹೆಗಾರ, ಈ ಮೂವರು ಕಾಡು ಹೊಗುತ್ತಾರೆ. ದೆವ್ವದ ಬೇಟೆಯ ಚಿತ್ರದ ಎಲುಬುಗೂಡು ಪೂರ್ತಿ ಇಲ್ಲಿದೆ: ಕಾಣದ ಶತ್ರು, ಒಬ್ಬರನ್ನೊಬ್ಬರು ನಂಬದ ಜೋಡಿ, ಊರವರ ಭಯ. ಕೊನೆಗೆ ಪರದೆ ಸರಿದಾಗ ಕಾಣಿಸುವುದು ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ರೋಮಗಜಗಳು, ಮ್ಯಾಮತ್‌ಗಳು. ಅಂದರೆ ಪಾಪ, ಉದ್ದ ಕೂದಲಿನ ಕಂಬಳಿ ಹೊದ್ದು, ಸುಳ್ಳು ದಂತ ಕಟ್ಟಿಸಿಕೊಂಡ ಸಾಕಾನೆಗಳು. ಮೈಮೇಲಿನ ಕೂದಲು ಅಲ್ಲಾಡಿದ ಹಾಗೆಲ್ಲ ಒಳಗಿರುವ ಸೌಮ್ಯ ಪ್ರಾಣಿ ಯಾವುದೆಂದು ಪ್ರೇಕ್ಷಕರಿಗೆ ತಿಳಿಯುತ್ತದೆ. ನನಗಂತೂ ಇಡೀ ಚಿತ್ರದಲ್ಲಿ ಅತ್ಯಂತ ಇಷ್ಟವಾಗುವ ಪಾತ್ರಧಾರಿಗಳು ಆ ಆನೆಗಳೇ.

1963ರಲ್ಲಿ ಸುಂದರಂ ತೀರಿಕೊಂಡ ಮೇಲೆ ಸ್ಟುಡಿಯೋ ಪತ್ತೇದಾರಿಗೆ ಹೊರಳಿತು. ಜೈಶಂಕರ್ ಬಂದರು. 1966ರ ‘ವಲ್ಲವನ್ ಒರುವನ್’, 1970ರ ‘ಸಿ.ಐ.ಡಿ. ಶಂಕರ್’. ಫ್ರೆಂಚರ ಓಎಸ್ಎಸ್ 117 ಎಂಬ ಗೂಢಚಾರನ ಚಿತ್ರಗಳನ್ನು ಹಗುರವಾಗಿ ಎತ್ತಿ ಯೇರ್ಕಾಡಿನ ಬುಡದಲ್ಲಿ ಇಳಿಸಿದರು. ಕಡಿಮೆ ಬಂಡವಾಳ, ಜೋರು ಸಂಗೀತ, ಗುಂಡಿ ಒತ್ತಿದರೆ ತೆರೆದುಕೊಳ್ಳುವ ಗೋಡೆ, ಗೋಡೆಯ ಹಿಂದೆ ಕೆಂಪು ದೀಪ ಮಿಣುಕುವ ಅಡ್ಡೆ. ಜೈಶಂಕರ್‌ಗೆ ದಕ್ಷಿಣದ ಜೇಮ್ಸ್ ಬಾಂಡ್ ಎಂಬ ಬಿರುದೇ ಅಂಟಿತು. ಅದೇ ಕಾಲಕ್ಕೆ, 1968ರಲ್ಲಿ, ಕನ್ನಡದಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿಸಿತ್ತು. ಸೇಲಂನ ಸಿ.ಐ.ಡಿ.ಗೂ ಬೆಂಗಳೂರಿನ ಸಿ.ಐ.ಡಿ.ಗೂ ಒಂದು ವಿಷಯದಲ್ಲಿ ಸಾಮ್ಯ: ಇಬ್ಬರ ಕೇಸಿನಲ್ಲೂ ಅಪರಾಧಿ ಉಸಿರಾಡುವವನೇ. 1980ರ ದಶಕದ ಆರಂಭಕ್ಕೆ ಸೇಲಂ ಸ್ಟುಡಿಯೋ ಬಾಗಿಲೆಳೆದುಕೊಂಡಿತು. ಹಾಂಗ್‌ಕಾಂಗಿನಲ್ಲಿ ದೆವ್ವಗಳು ಕುಪ್ಪಳಿಸಲು ಶುರುಮಾಡಿದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ.

ದೆವ್ವಕ್ಕೆ ಈ ಸ್ಟುಡಿಯೋದಲ್ಲಿ ಕೆಲಸ ಸಿಗದೇ ಹೋದದ್ದಕ್ಕೆ ಆ ಊರಿನ ಗಾಳಿಯೂ ಒಂದು ಕಾರಣ ಎಂದು ನನ್ನ ಎಣಿಕೆ. 1944ರ ಆಗಸ್ಟ್ 27ರಂದು ಜಸ್ಟಿಸ್ ಪಕ್ಷ ದ್ರಾವಿಡರ್ ಕಳಗಂ ಆದದ್ದು ಸೇಲಂ ಸಮ್ಮೇಳನದಲ್ಲಿ. ಅದರ ನಾಯಕರು ಪಕ್ಕದ ಈರೋಡಿನ, ತಮ್ಮನ್ನು ಕನ್ನಡಿಗನೆಂದೇ ಹೇಳಿಕೊಳ್ಳುತ್ತಿದ್ದ ಪೆರಿಯಾರ್ ರಾಮಸಾಮಿ. 1971ರ ಜನವರಿಯಲ್ಲಿ ಅವರು ಮೂಢನಂಬಿಕೆ ನಿರ್ಮೂಲನ ಸಮ್ಮೇಳನ ನಡೆಸಿದ್ದೂ ಸೇಲಂನಲ್ಲೇ. ಅದರ ಮೆರವಣಿಗೆಯ ಗದ್ದಲವನ್ನು ಅರ್ಧ ಶತಮಾನದ ಮೇಲೆ, 2020ರಲ್ಲಿ, ರಜನಿಕಾಂತ್ ಒಂದು ಭಾಷಣದಲ್ಲಿ ಎತ್ತಿದಾಗ ಮತ್ತೆ ಗದ್ದಲವಾಯಿತು. ಕರುಣಾನಿಧಿ ಸುಂದರಂ ಬಳಿ ಸಂಭಾಷಣೆ ಬರೆದದ್ದು ಈ ಗಾಳಿಯಲ್ಲಿ. ಅಂಥ ಲೇಖಕ ದೆವ್ವವನ್ನು ತಂದರೂ ಮಧ್ಯಂತರದ ಆಚೆಗೆ ಅದನ್ನು ದೆವ್ವವಾಗಿ ಉಳಿಸುವುದಿಲ್ಲ. ಸುಂದರಂ ಸ್ವತಃ ಪುರಾಣ, ಮಾಯಾಜಾಲ ಎಲ್ಲವನ್ನೂ ಮಾಡಿದವರೇ. ಸ್ಟುಡಿಯೋದ ಮೊದಲ ಚಿತ್ರ 1937ರ ‘ಸತಿ ಅಹಲ್ಯಾ’. ಮಾರುಕಟ್ಟೆ ಕೇಳಿದ್ದನ್ನು ಕೊಡುವ ವ್ಯಾಪಾರಿ ಅವರು. ಆದರೂ ಸಮಕಾಲೀನ ಕತೆಯೊಳಗೆ, ಪ್ಯಾಂಟು ಷರಟಿನ ಲೋಕದಲ್ಲಿ, ದೆವ್ವಕ್ಕೆ ಜಾಗ ಆಗಲೇ ಇಲ್ಲ.

ಸ್ಟುಡಿಯೋದ ಕಮಾನಿನ ಹೊರಗೆ ಮಾತ್ರ ಪರಿಸ್ಥಿತಿ ಪೂರ್ತಿ ಬೇರೆ. ಸೇಲಂನಿಂದ ಧರ್ಮಪುರಿ, ಪೆಣ್ಣಾಗರದ ಕಡೆಗೆ ಹೋಗುತ್ತ ಎಡಬಲ ನೋಡಿ. ಹುಣಸೆ ಮರದ ಪಕ್ಕ, ಕೆರೆ ಏರಿಯ ಮೇಲೆ, ಹೊಲದ ಅಂಚಿನಲ್ಲಿ ಮುನಿಯಪ್ಪನ್ ಕೂತಿರುತ್ತಾನೆ. ನಮ್ಮ ಮುನೇಶ್ವರನ ದಾಯಾದಿ. ಬೆಂಗಳೂರು, ಕೋಲಾರದ ಮುನೇಶ್ವರ ಬಹಳ ಕಡೆ ಒಂದು ಕಲ್ಲು, ಒಂದು ಗುಡಿಯಲ್ಲಿ ಸುಮ್ಮನಾಗುತ್ತಾನೆ. ಇಲ್ಲಿಯವನಿಗೆ ಗುಡಿ ಸಾಲದು, ಬಯಲೇ ಬೇಕು. ಗಾರೆಯಲ್ಲಿ ಕಟ್ಟಿ ಬಣ್ಣ ಬಳಿದ ಭಾರಿ ಆಳು. ಗುಡ್ಡೆ ಹೊರಬಂದಂತೆ ದುರುಗುಟ್ಟುವ ಬಿಳಿ ಕಣ್ಣು, ಕೆನ್ನೆ ದಾಟಿ ಮೇಲಕ್ಕೆ ಹುರಿಗೊಂಡ ಮೀಸೆ, ಬಲಗೈಯಲ್ಲಿ ನೆಟ್ಟಗೆ ನಿಂತ ಕತ್ತಿ. ಮುಂದೆ ಮಣ್ಣಿನ ಕುದುರೆ, ನಾಯಿ. ಸುತ್ತ ನೆಲಕ್ಕೆ ನೆಟ್ಟ ಶೂಲಗಳು, ಅವುಗಳ ಮೊನೆಗೆ ಚುಚ್ಚಿದ ನಿಂಬೆಹಣ್ಣುಗಳು ಬಿಸಿಲಿಗೆ ಕಪ್ಪಾಗಿರುತ್ತವೆ. ಕೋಳಿ, ಕುರಿ, ಚುಟ್ಟಾ, ಸಾರಾಯಿ ಎಲ್ಲ ನಡೆಯುತ್ತದೆ. ಹೊಸ ಲಾರಿ ಕೊಂಡವರು ಮೊದಲು ಬಂದು ನಿಲ್ಲುವುದು ಇವನ ಮುಂದೆ. ಸೇಲಂನ ವೆಣ್ಣಂಗುಡಿ ಮುನಿಯಪ್ಪನ್ ಸುತ್ತಲಿನ ಜಿಲ್ಲೆಗಳಿಗೆಲ್ಲ ಗೊತ್ತು.

ರಾತ್ರಿ ಊರಿನ ಎಲ್ಲೆ ಸುತ್ತುವುದು ಇವನ ಕೆಲಸ. ಗಾಳಿ, ಪೀಡೆ, ಕಳ್ಳಕಾಕರು, ಕಾಲರಾ, ಯಾವುದೇ ಆಗಲಿ, ಗಡಿಯಲ್ಲೇ ತಡೆಯಬೇಕು. ಅವನು ಓಡಾಡುವ ದಾರಿಗೆ ಅಡ್ಡ ಬರಬಾರದು, ಅಡ್ಡ ಮಲಗಬಾರದು. ಮೈಮೇಲೆ ದೆವ್ವ ಬಂದವರನ್ನು ತಂದು ಇವನೆದುರು ಕೂರಿಸುವುದೂ ಉಂಟು. ಪೂಜಾರಿ ಬೇವಿನ ಸೊಪ್ಪು ಹಿಡಿದು ಕೇಳುವ ಪ್ರಶ್ನೆಗಳನ್ನು ಕಿವಿಗೊಟ್ಟು ಆಲಿಸಿದರೆ ಅದು ಠಾಣೆಯ ವಿಚಾರಣೆಯೇ: ಹೆಸರೇನು, ಯಾವೂರು, ಹೇಗೆ ಸತ್ತೆ, ಇವಳನ್ನು ಎಲ್ಲಿ ಹಿಡಿದೆ, ಬಿಡಲು ಏನು ಬೇಕು, ಮತ್ತೆ ಬರುವುದಿಲ್ಲ ಎಂದು ಆಣೆ ಮಾಡು. ಹೇಳಿಕೆ ಪಡೆದು ಮುಚ್ಚಳಿಕೆ ಬರೆಸಿಕೊಂಡು ಗಡಿಪಾರು. ಈ ವಿಚಾರಣೆಗೆ ಕೂತವರಲ್ಲಿ ಹೆಂಗಸರೇ ಹೆಚ್ಚು ಎಂಬುದನ್ನೂ, ಅವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ವೈದ್ಯರು ಎಂಬುದನ್ನೂ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಪೆರಿಯಾರ್ ಸಿಟ್ಟಿಗೆ ಕಾರಣ ಇರಲಿಲ್ಲವೆಂದಲ್ಲ.

ತಮಾಷೆಯೆಂದರೆ, ತಮಿಳು ಸಿನಿಮಾ ಕೊನೆಗೂ ದೆವ್ವದ ಸರಣಿಯೊಂದನ್ನು ಕಟ್ಟಿದಾಗ, 2007ರಲ್ಲಿ ರಾಘವ ಲಾರೆನ್ಸ್, ದೆವ್ವಕ್ಕೇ ‘ಮುನಿ’ ಎಂದು ಹೆಸರಿಟ್ಟರು. ಧರ್ಮಪುರಿ ಕಡೆಯವರ ಲೆಕ್ಕದಲ್ಲಿ ಕಳ್ಳನಿಗೆ ಇನ್ಸ್‌ಪೆಕ್ಟರನ ಹೆಸರಿಟ್ಟ ಹಾಗೆ.

ಮುನಿಯಪ್ಪನಿಗಿಂತ ಹಳಬರೂ ಇಲ್ಲಿದ್ದಾರೆ. ಧರ್ಮಪುರಿ ಹಿಂದಿನ ತಗಡೂರು; ಸಂಗಂ ಕಾವ್ಯದ ಅದಿಯಮಾನ್ ಆಳಿದ ನೆಲ, ಆಮೇಲೆ ನೊಳಂಬರದು. ನೊಳಂಬ ಮಹೇಂದ್ರನ 9ನೇ ಶತಮಾನದ ಕನ್ನಡ ಶಾಸನಗಳು ಧರ್ಮಪುರಿಯಲ್ಲೇ ಸಿಕ್ಕಿವೆ. ಈ ಸೀಮೆಯಲ್ಲಿ ವೀರಗಲ್ಲುಗಳು ಹೊಲದ ನಡುವೆ ಸಿಗುತ್ತವೆ. ನಮ್ಮಲ್ಲಿ ವೀರಗಲ್ಲು ಎಂದರೆ ಮೂರಂತಸ್ತು: ಕೆಳಗೆ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಇಲ್ಲಿಯ ಹಳೆಯ ಕಲ್ಲುಗಳಿಗೆ ಅಷ್ಟು ಪುರುಸೊತ್ತಿಲ್ಲ. ಒಂದೇ ಚಪ್ಪಡಿ, ಒಬ್ಬನೇ ಆಳು. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಬಾಕು, ಮೈಗೆ ನಾಟಿದ ಬಾಣ. ತುರುಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಸತ್ತ, ಹುಲಿ ತಡೆದು ಸತ್ತ ಎಂಬ ಎರಡು ಸಾಲು. ಇವುಗಳಲ್ಲಿ ಹಲವಕ್ಕೆ ಇಂದಿಗೂ ಎಣ್ಣೆ, ಅರಿಶಿನ, ಪೊಂಗಲು ಸಲ್ಲುತ್ತದೆ. ವೇಡಿಯಪ್ಪನ್ ಎಂದು ಕರೆಯುತ್ತಾರೆ. ಕಳವು ತಡೆಯಲು ಹೋಗಿ ಸತ್ತವನು ಸತ್ತ ಮೇಲೂ ಡ್ಯೂಟಿಯಲ್ಲಿದ್ದಾನೆ. ದೆವ್ವ ಮತ್ತು ಪೊಲೀಸ್ ಇಬ್ಬರೂ ಒಬ್ಬನೇ ಆಗಿರುವ ಈ ಕಲ್ಪನೆ ಹಾಂಗ್‌ಕಾಂಗಿನವರಿಗೂ ಹೊಳೆದದ್ದು ಕಾಣೆ.

ಇನ್ನು ಆಯುಧ. ಸೇಲಂ ನೇಕಾರರ ಊರು, ಆ ನೇಕಾರರಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗದವರು ತಲೆತಲಾಂತರದಿಂದ ಇದ್ದಾರೆ. ಬೀದಿಗೆ ಬಂದರೆ ತಮಿಳು, ಹೊಸಿಲು ದಾಟಿ ಒಳಹೊಕ್ಕರೆ ‘ಏನವ್ವ, ಉಂಡ್ಯಾ?’. ಅವರ ಕುಲದೈವ ಚೌಡೇಶ್ವರಿ. ದೇವತೆಗಳಿಗೆ ಬಟ್ಟೆ ನೇಯಲು ಹುಟ್ಟಿದ ದೇವಲ ಮಹರ್ಷಿ ನೂಲು ತರುವಾಗ ರಾಕ್ಷಸರು ಮುತ್ತಿದರಂತೆ. ಅವನ ಮೊರೆಗೆ ದೇವಿ ಸಿಂಹವೇರಿ ಬಂದು ಅವರನ್ನು ಕಡಿದಳು. ಒಬ್ಬೊಬ್ಬ ರಾಕ್ಷಸನ ರಕ್ತ ಒಂದೊಂದು ಬಣ್ಣ, ಅದರಲ್ಲಿ ಅದ್ದಿಯೇ ನೂಲಿಗೆ ಐದು ಬಣ್ಣ ಬಂತು. ಸಾಹಸ ದೃಶ್ಯದ ಕೊನೆಗೆ ಬಣ್ಣದ ಕಾರ್ಖಾನೆ ತೆರೆದುಕೊಳ್ಳುವ ಪುರಾಣ ಇನ್ನೆಲ್ಲಿದೆ ಹೇಳಿ.

ಚೌಡೇಶ್ವರಿ ಹಬ್ಬದ ದಿನ ಅಲಗು ಸೇವೆ. ವೀರಕುಮಾರರು ಎನಿಸಿಕೊಂಡ ಗಂಡಾಳುಗಳು, ಅವರಲ್ಲಿ ಮೀಸೆ ಮೂಡದ ಹುಡುಗರೂ ಇರುತ್ತಾರೆ, ಬರಿಮೈಯಲ್ಲಿ ಎರಡೂ ಕೈಗೆ ಅಗಲ ಅಲಗಿನ ಕತ್ತಿ ಹಿಡಿದು ಕಲಶದ ಮುಂದೆ ಹಿಂದು ಹಿಂದಾಗಿ ಹೆಜ್ಜೆ ಹಾಕುತ್ತ ಎದೆಗೆ ಬಡಿದುಕೊಳ್ಳುತ್ತಾರೆ. ತಮಟೆಯ ಲಯಕ್ಕೆ ಒಮ್ಮೆ ಎಡಗೈ, ಒಮ್ಮೆ ಬಲಗೈ. ಅಲಗು ಚಪ್ಪಟೆಯಾಗಿ ಬಿದ್ದರೆ ಬರೀ ಸದ್ದು, ಓರೆಯಾಗಿ ಬಿದ್ದರೆ ಗೆರೆ ಮೂಡುತ್ತದೆ. ಗೆರೆಯ ಮೇಲೆ ಅರಿಶಿನ ಪುಡಿ ಚೆಲ್ಲುತ್ತಾರೆ, ಹಳದಿ ಕೆಂಪಾಗುತ್ತದೆ, ಮೆರವಣಿಗೆ ನಿಲ್ಲುವುದಿಲ್ಲ. ಹೊರಟು ನಿಂತ ತಾಯಿ ಮುಂದೆ ಹೆಜ್ಜೆ ಇಡಲೊಲ್ಲೆ ಎಂದಾಗ ಮಕ್ಕಳು ಹೀಗೆ ಮೈ ಕೊಯ್ದುಕೊಂಡು ಒಲಿಸಿಕೊಂಡರು ಎನ್ನುತ್ತದೆ ಐತಿಹ್ಯ. ಇದು ಯುದ್ಧಕಲೆಯಲ್ಲ, ಎದುರಾಳಿಯೇ ಇಲ್ಲ. ಆದರೆ ಕತ್ತಿ, ಲಯ, ಹೆಜ್ಜೆ, ನೋವು ತಡೆಯುವ ಪಳಗಿಕೆ ಎಲ್ಲ ಇದೆ. ಹಗ್ಗ ಕಟ್ಟಿ ನಟರನ್ನು ಗಾಳಿಯಲ್ಲಿ ತೂಗುವ ಇಂದಿನ ಫೈಟ್ ಮಾಸ್ಟರುಗಳು ಒಮ್ಮೆ ಬಂದು ಆ ಮಣಿಕಟ್ಟುಗಳನ್ನು ನೋಡಬೇಕು.

ಈಗ ಖಾಕಿಯ ಕಡೆಗೆ ಬರುತ್ತೇನೆ. ಇಲ್ಲಿ ನಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕಾವೇರಿ ಹೊಗೆನಕಲ್ಲಿನಲ್ಲಿ ಧುಮುಕುವ ಆ ಕಾಡಿನಲ್ಲಿ ಒಬ್ಬ ಮನುಷ್ಯನನ್ನು ಕರ್ನಾಟಕ, ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳು ದೆವ್ವ ಹುಡುಕಿದ ಹಾಗೇ ಹುಡುಕಿದವು. ಗೋಪಿನಾಥಂನಲ್ಲಿ ಹುಟ್ಟಿದ ಕಾಡುಗಳ್ಳ ವೀರಪ್ಪನ್ ಬಗ್ಗೆ ಹಬ್ಬಿದ ಕತೆಗಳೂ ದೆವ್ವದ ಕತೆಗಳೇ: ಹಕ್ಕಿಯ ದನಿ ತೆಗೆಯುತ್ತಾನೆ, ಮೂಸಿ ನೋಡಿ ಪೊಲೀಸರನ್ನು ಪತ್ತೆ ಹಚ್ಚುತ್ತಾನೆ, ಒಂದೇ ರಾತ್ರಿ ಎರಡು ಬೆಟ್ಟದ ಮೇಲೆ ಕಾಣಿಸಿದ. 2000ದ ಜುಲೈ 30ರಂದು ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ಎತ್ತಿಕೊಂಡು ಹೋಗಿ 108 ದಿನ ಕಾಡಿನಲ್ಲಿಟ್ಟುಕೊಂಡಾಗ, ತೆರೆಯ ಮೇಲೆ ಎಂಥೆಂಥ ಖಳರನ್ನೋ ಹಿಡಿದಿದ್ದ ಸಿ.ಐ.ಡಿ. 999ಕ್ಕಾಗಿ ಒಂದಿಡೀ ರಾಜ್ಯ ಉಸಿರು ಹಿಡಿದು ಕೂತಿತ್ತು. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಅವನು ಸತ್ತದ್ದು ಒಂದು ವೇಷದಿಂದ. ಸೇಲಂನ ಆಸ್ಪತ್ರೆಯೊಂದರ ಹೆಸರು ಬರೆದ ಆಂಬುಲೆನ್ಸ್, ಒಳಗೆ ಪೊಲೀಸರ ಆಳುಗಳು. ವಿಜಯ್ ಕುಮಾರ್ ನೇತೃತ್ವದ ಕಾರ್ಯಪಡೆ ಹೆಣೆದ ಈ ಬಲೆಯನ್ನು ಮಾಡರ್ನ್ ಥಿಯೇಟರ್ಸ್‌ನ ಕತೆ ವಿಭಾಗಕ್ಕೆ ಕೊಟ್ಟಿದ್ದರೆ ಕಣ್ಣು ಮುಚ್ಚಿ ಒಪ್ಪುತ್ತಿತ್ತು. ಅವನನ್ನು ಹೂತದ್ದು ಸೇಲಂ ಜಿಲ್ಲೆಯಲ್ಲಿ, ಮೇಟ್ಟೂರು ಹತ್ತಿರದ ಮೂಲಕ್ಕಾಡಿನಲ್ಲಿ. ಸಿನಿಮಾದವರು ಅವನು ಬದುಕಿರುವಾಗಲೇ ಶುರು ಮಾಡಿದ್ದರು. 1991ರಲ್ಲಿ ದೇವರಾಜ್ ಅಭಿನಯದ ಕನ್ನಡದ ‘ವೀರಪ್ಪನ್’, 2013ರಲ್ಲಿ ‘ಅಟ್ಟಹಾಸ’, 2016ರಲ್ಲಿ ಶಿವರಾಜ್‌ಕುಮಾರ್ ಇದ್ದ ‘ಕಿಲ್ಲಿಂಗ್ ವೀರಪ್ಪನ್’. ಎಲ್ಲದರಲ್ಲೂ ಬೇಟೆಗಾರ ಪೊಲೀಸ್, ಬೇಟೆ ಅವನು.

ಆದರೆ ಅದೇ ಧರ್ಮಪುರಿ ಜಿಲ್ಲೆಯ ಅರೂರು ತಾಲ್ಲೂಕಿನ ವಾಚಾತ್ತಿಯಲ್ಲಿ ಕೇಳಿದರೆ ಬೇಟೆ ಯಾರು, ಬೇಟೆಗಾರ ಯಾರು ಎಂಬುದು ತಿರುಗುಮುರುಗಾಗುತ್ತದೆ. 1992ರ ಜೂನ್ 20ರಂದು ಗಂಧದ ಮರ ಅಡಗಿಸಿಟ್ಟಿದ್ದಾರೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಸಿತ್ತೇರಿ ಬೆಟ್ಟದ ಬುಡದ ಆ ಬುಡಕಟ್ಟು ಹಳ್ಳಿಗೆ ನುಗ್ಗಿದರು. ಮನೆಗಳನ್ನು ಪುಡಿಮಾಡಿದರು, ದನಕರು ಕೊಂದರು, ಬಾವಿ ಕೆಡಿಸಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಸಿದರು. ಆರೋಪಿಗಳು 269 ಸರ್ಕಾರಿ ನೌಕರರು. ಧರ್ಮಪುರಿಯ ನ್ಯಾಯಾಲಯ ತೀರ್ಪು ಕೊಟ್ಟದ್ದು 2011ರ ಸೆಪ್ಟೆಂಬರ್ 29ರಂದು. ಅಷ್ಟರಲ್ಲಿ 54 ಮಂದಿ ಸತ್ತಿದ್ದರು, ಬದುಕಿದ್ದ 215 ಮಂದಿಯೂ ತಪ್ಪಿತಸ್ಥರೆಂದಾಯಿತು. ಮದ್ರಾಸ್ ಹೈಕೋರ್ಟ್ ಅವರ ಮೇಲ್ಮನವಿ ತಳ್ಳಿಹಾಕಿದ್ದು 2023ರಲ್ಲಿ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡೂ ರಾಜ್ಯಗಳ ಕಾಡಂಚಿನ ಜನ ಅನುಭವಿಸಿದ್ದನ್ನು ಕೇಳಲು ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ನೇಮಿಸಬೇಕಾಯಿತು. ಧರ್ಮಪುರಿಯಲ್ಲಿ ನಿಂತು ಪೊಲೀಸರನ್ನು ದೆವ್ವ ಬಿಡಿಸುವ ನಾಯಕರನ್ನಾಗಿ ಮಾಡಲು ಹೊರಟವನ ಪೆನ್ನು ಇಲ್ಲಿ ತಡವರಿಸದಿದ್ದರೆ ಅವನು ಈ ಜಿಲ್ಲೆಯನ್ನು ಕಾರಿನ ಕಿಟಕಿಯಿಂದ ಮಾತ್ರ ನೋಡಿದ್ದಾನೆ ಎಂದರ್ಥ.

ಮತ್ತೆ ತೆರೆಗೆ ಮರಳಿದರೆ, ಕನ್ನಡ ಸಿನಿಮಾ ದೆವ್ವದ ಕೇಸನ್ನು ಯಾರಿಗೆ ವಹಿಸಿತು? 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮೈಮೇಲೆ ಬಂದದ್ದನ್ನು ಬಿಡಿಸಿದ್ದು ಮಂತ್ರಾಲಯದ ರಾಯರು. 2004ರ ‘ಆಪ್ತಮಿತ್ರ’ದಲ್ಲಿ ಮನೋವೈದ್ಯ ವಿಷ್ಣುವರ್ಧನ್. ಪೊಲೀಸರ ಸರದಿ ಬಂದದ್ದು ತಡವಾಗಿ. 2016ರ ‘ಯು ಟರ್ನ್’ನಲ್ಲಿ ಸಬ್ ಇನ್ಸ್‌ಪೆಕ್ಟರ್ ನಾಯಕ್ ಆತ್ಮಹತ್ಯೆಗಳ ಜಾಡು ಹಿಡಿದು ಪತ್ರಕರ್ತೆಯೊಂದಿಗೆ ಮೇಲ್ಸೇತುವೆಯ ದೆವ್ವದವರೆಗೆ ಬರುತ್ತಾನೆ, ಹೊಡೆದಾಟವಿಲ್ಲದ, ಬುದ್ಧಿಯ ಚಿತ್ರ. 2022ರ ‘ವಿಕ್ರಾಂತ್ ರೋಣ’ದಲ್ಲಿ ಬ್ರಹ್ಮರಾಕ್ಷಸನ ಗುಲ್ಲೆದ್ದ ಮಳೆಕಾಡಿನ ಊರಿಗೆ ಸುದೀಪ್ ಇನ್ಸ್‌ಪೆಕ್ಟರಾಗಿ ಇಳಿದರು, ಹೊಡೆದಾಟ ಬೇಕಾದಷ್ಟು. ನನ್ನ ಕೇಳಿದರೆ ಜೋಡಿಯ ಚಿತ್ರ ಎನ್ನಬಹುದಾದದ್ದು ಅದೇ ವರ್ಷದ ‘ಕಾಂತಾರ’. ಒಬ್ಬ ಅರಣ್ಯಾಧಿಕಾರಿ, ಒಬ್ಬ ಕಾಡಿನ ಹುಡುಗ, ಮೊದಲು ಹಾವು ಮುಂಗುಸಿ, ಕೊನೆಗೆ ಒಂದೇ ಕಡೆ ನಿಂತು ಕಾದಾಟ. ಅಲ್ಲಿ ದೈವ ಹಿಡಿಯಬೇಕಾದದ್ದಲ್ಲ, ಹಿಡಿಯುವಂಥದ್ದು. 2025ರಲ್ಲಿ ಬಂದ ಅದರ ಹಿಂದಿನ ಅಧ್ಯಾಯಕ್ಕೆ ರಿಷಬ್ ಶೆಟ್ಟಿ ಕಳರಿಪಯಟ್ಟು ಕಲಿತರು. ಕರಾವಳಿ ತನ್ನ ಸರಂಜಾಮು ತಾನೇ ಬಳಸಿಕೊಂಡಿತು. ಧರ್ಮಪುರಿಯದು ಇನ್ನೂ ಹೊಲದಲ್ಲೇ ಬಿದ್ದಿದೆ.

ಕತೆ ಮಾತ್ರ ತಯಾರಿದೆ. ಕಾಲ 1990ರ ದಶಕ. ಹೊಗೆನಕಲ್ಲಿನ ಮೇಲಿನ ಒಂದು ಚೆಕ್‌ಪೋಸ್ಟ್, ಇಬ್ಬರು ಪೇದೆಗಳು. ಒಬ್ಬ ಸೇಲಂನ ದೇವಾಂಗದವನು, ಮನೆಯಲ್ಲಿ ಕನ್ನಡ, ಎದೆಯ ಮೇಲೆ ಅಲಗಿನ ಹಳೆ ಗೆರೆಗಳು. ಅವನಿಗೆ ಎಲ್ಲದರಲ್ಲೂ ನಂಬಿಕೆ. ಇನ್ನೊಬ್ಬ ಕರ್ನಾಟಕದ ಪಡೆಯಿಂದ ಬಂದವನು, ಯಾವುದನ್ನೂ ನಂಬದವನು, ಗಡ್ಡ ಕಂಡರೆ ಎಳೆದು ನೋಡುವ ಜಾತಿ. ರಾತ್ರಿ ಬೀಟಿನಲ್ಲಿ ಮೂರನೆಯವನೊಬ್ಬ ಜತೆಗೆ ನಡೆಯುತ್ತಿದ್ದಾನೆ, ಬಿಲ್ಲು ಹಿಡಿದು, ಮೈಯಲ್ಲಿ ಬಾಣ ಮುರಿದುಕೊಂಡು. ಸಾವಿರ ವರ್ಷದಿಂದ ತುರುಗಳ್ಳರನ್ನು ಹುಡುಕುತ್ತಿರುವವನು. ಅವನ ಮೂಗಿಗೆ ಕಳ್ಳರ ವಾಸನೆ ಬಡಿಯುತ್ತಿರುವುದು ಕಾಡಿನ ಕಡೆಯಿಂದಲ್ಲ, ಠಾಣೆಯ ಕಡೆಯಿಂದ ಎಂಬುದು ಇಬ್ಬರಿಗೂ ತಿಳಿಯಬೇಕಾದದ್ದು ಮಧ್ಯಂತರಕ್ಕೆ ಐದು ನಿಮಿಷ ಮುಂಚೆ. ಆಮೇಲಿನ ಒಂದು ಗಂಟೆಯನ್ನು ಫೈಟ್ ಮಾಸ್ಟರ್ ನೋಡಿಕೊಳ್ಳಲಿ.